ವಜ್ರಳ್ಳಿಯ ಕಪ್ಪು ಚುಕ್ಕೆ

ನಾನು ಆಗ ಯಲ್ಲಾಪುರದಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಯಾವ ರೋಗ ಯಾವ ಊರಿನಿಂದ ಹೊರಟು ಎತ್ತ ಹಬ್ಬುತ್ತದೆಂದು ಮೇಲಿನವರಿಗೆ ತೋರಿಸಿಕೊಡುವ ಮಹತ್ಕಾರ್ಯಕ್ಕೆ ನಾನೇ ತಕ್ಕವನೆಂದು ನನಗೆ ಖಾತ್ರಿಯಾಗಿತ್ತು. ಬೇರೆ ಯಾರಿಗೂ ಆಗಿರಲಿಲ್ಲ, ಅದು ಬೇರೆ ಮಾತು.

ತಾಲೂಕಿನ ನಕ್ಷೆ ಬರೆದು ಮನೆಯ ಜಗಲಿ ಗೋಡೆಗೆ ಅಂಟಿಸಿದೆ. ಚಳಿಜ್ವರಕ್ಕೆ ಕುಂಕುಮದ ಚುಕ್ಕೆ, ಕಾಮಾಲೆಗೆ ಅರಿಶಿನದ್ದು, ಭೇದಿಗೆ ಕಾಡಿಗೆಯದ್ದು. ದೀಪಾವಳಿ ಹೊತ್ತಿಗೆ ಸತ್ಯ ಹೊರಬಿತ್ತು. ನಂದೊಳ್ಳಿಯಲ್ಲಿ ಒಂದೇ ಚುಕ್ಕೆ. ಉಳಿದ ಊರೆಲ್ಲ ತೊಳೆದಿಟ್ಟ ಬಾಳೆಲೆ. ವಜ್ರಳ್ಳಿ ಮಾತ್ರ ಹೆಸರೇ ಕಾಣದಷ್ಟು ಬಣ್ಣ! 'ಮೂರೂ ರೋಗಗಳ ಮೂಲಸ್ಥಾನ ವಜ್ರಳ್ಳಿ' ಎಂದು ದಪ್ಪಕ್ಷರದಲ್ಲಿ ಬರೆದು ರುಜು ಹಾಕಿದೆ.

ವಜ್ರಳ್ಳಿ ನನ್ನ ಹೆಂಡತಿ ಭಾಗೀರಥಿಯ ತವರು.

ಆ ವಾರವೇ ಸಿದ್ದಾಪುರದ ಕಡೆಯ ಸುಬ್ರಾಯ ಹೆಗಡೆಯವರು ಬಂದರು. ಭಾಗೀರಥಿಯ ತಂಗಿ ಗೌರಿಯನ್ನು ಮಗನಿಗೆ ತಂದುಕೊಳ್ಳುವ ಮಾತು ಮುಗಿಸಲು ವಜ್ರಳ್ಳಿಗೆ ಹೊರಟವರು, ಬಸ್ಸಿಗೆ ತಡವಿದೆಯೆಂದು ನಮ್ಮಲ್ಲಿಗೆ ಬಂದು ಕುಳಿತರು. ನಕ್ಷೆ ನೋಡಿದರು. ಅಡಿಬರಹ ಓದಿದರು. ಚಾ ಅರ್ಧಕ್ಕೆ ಬಿಟ್ಟರು.

“ಇನ್ನೊಂದ್ಸಲ ಬತ್ತೆ” ಎಂದವರು ಬಂದ ದಾರಿಯನ್ನೇ ಹಿಡಿದರು.

ಭಾಗೀರಥಿ ಒಳಗಿಂದ ಬಂದಳು. “ಹೆಗಡೇರು ಎಲ್ಲಿ?”

“ಮನಿಗೆ ಹೋದ್ರು.”

“ಎಂತಕ್ಕೆ?”

ನಾನು ಗೋಡೆ ತೋರಿಸಿದೆ. ಅವಳೂ ಅಡಿಬರಹ ಓದಿದಳು. ಈ ಸಂಬಂಧ ತಪ್ಪಿದರೆ ಮುಂದೆ ಗೌರಿಯನ್ನು ಕೇಳಲು ಬರುವವರೂ ಇದೇ ಮಾತು ಎತ್ತುತ್ತಾರೆಂದು ಅತ್ತಳು. ನನಗೆ ನಿಜಕ್ಕೂ ಸಂಕಟವಾಯಿತು. ಅತ್ತು ಮುಗಿದ ಮೇಲೆ ವಿಚಾರಣೆ ಶುರುವಾಯಿತು.

“ನಿಂಗ ಬೇರೆ ಯಾವ ಊರಿಗೆ ಹೋಗಿದ್ರಿ?”

“ನಂದೊಳ್ಳಿಗೆ ಹೋಗಿದ್ದಿ. ಒಂದ್ಸಲ.”

“ಮತ್ತೆ ವಜ್ರಳ್ಳಿಗೆ?”

ಸೈಕಲ್ಲು ತಾನಾಗಿ ಅತ್ತ ತಿರುಗುತ್ತಿತ್ತು. ಅತ್ತೆ ಕಬ್ಬಿನ ಹಾಲಿನ ಸಿಹಿ ತೊಡದೇವು ಮಾಡುತ್ತಿದ್ದರು.

“ಅಲ್ಲಿ ಪಕ್ಕದ ಮನೆ ಶೇಷಕ್ಕನ ಜ್ವರದ ಸುದ್ದಿ ಯಾರು ಹೇಳಿದ್ದು?”

ಶೇಷಕ್ಕನೇ ಹೇಳಿದ್ದಳು. ಆಮೇಲೆ ಅತ್ತೆ ಹೇಳಿದರು. ಆಮೇಲೆ ಮಾವ. ಅಳಿಯ ಬಂದರೆ ಊರ ಸುದ್ದಿಯೂ ಉಪಚಾರದ ಭಾಗವೇ ಅಲ್ಲವೇ? ಕೇಳಿದಾಗಲೆಲ್ಲ ನಾನು ಭಕ್ತಿಯಿಂದ ಕುಂಕುಮ ಇಟ್ಟಿದ್ದೆ! ಕಾಮಾಲೆಯಾದವನಂತೂ ಅಂಕೋಲೆಯಿಂದ ಬಂದ ನೆಂಟ.

ಆಮೇಲೆ ನಿಜವಾಗಿಯೂ ಊರೂರು ತಿರುಗಿದೆ. ಹೊಸ ನಕ್ಷೆಯಲ್ಲಿ ಚುಕ್ಕೆಗಳು ತಾಲೂಕಿನ ತುಂಬ ಹರಡಿದವು. ವಜ್ರಳ್ಳಿಗೆ ಉಳಿದದ್ದು ಒಂದು ಕೆಂಪು, ಒಂದು ಕಪ್ಪು. ಅದನ್ನು ಸುತ್ತಿಕೊಂಡು ಹೆಗಡೆಯವರ ಮನೆಗೆ ಹೋಗಿ, ಶೇಷಕ್ಕನ ಒಂದೇ ಜ್ವರಕ್ಕೆ ಹಲವು ಚುಕ್ಕೆ ಬಿದ್ದ ಕಥೆ ಹೇಳಿದೆ.

ಅವರು ಕನ್ನಡಕ ಏರಿಸಿದರು. “ಕೆಂಪು ಶೇಷಕ್ಕಂದು, ಆತು. ಈ ಭೇದಿಯ ಕಪ್ಪು ಯಾರದ್ದು? ಹುಡುಗಿ ಮನೆದ?”

ಸುಮ್ಮನಿದ್ದರೆ ಗೌರಿಯ ಮದುವೆ ಹೋಗುತ್ತದೆ. ಬಾಯಿಬಿಟ್ಟರೆ ನನ್ನ ಮಾನ ಹೋಗುತ್ತದೆ.

“ಎನ್ನದೇಯ” ಎಂದೆ. “ತೊಡದೇವು ಹೆಚ್ಚಾಗಿತ್ತು.”

ಅವರು ನಕ್ಕ ಸದ್ದಿಗೆ ಕೊಟ್ಟಿಗೆಯ ದನ ಎದ್ದು ನಿಂತವು. ಮದುವೆ ನಿಶ್ಚಯವಾಯಿತು.

ಮದುವೆಯ ದಿನ ಪಂಕ್ತಿಯಲ್ಲಿ ಎಲ್ಲರಿಗೂ ತೊಡದೇವು ಬಂತು. ನನ್ನ ಎಲೆಯ ಹತ್ತಿರ ಬಂದಾಗ ಹೆಗಡೆಯವರು ಬಡಿಸುವವನ ಕೈ ತಡೆದರು.

“ಇವಕ್ಕೆ ಗಂಜಿ ಬಡಿಸು. ಊರಿಗೆ ಮತ್ತೊಂದು ಚುಕ್ಕೆ ಬೇಡ.”

ಗಂಜಿ ಬಂತು. ನಂಚಿಕೊಳ್ಳಲು ಒಂದು ಹಪ್ಪಳವೂ ಇರಲಿಲ್ಲ!