ಸಟ್ಟುಗ ಮೂತಿಯ ಮೀನೂ ನನ್ನ ಶುಚಿತ್ವವೂ

ಊರು ಬಿಟ್ಟು ಪರದೇಶಕ್ಕೆ ಹೋದ ಮನುಷ್ಯ ತನ್ನ ಊರಿನ ಸಕಲ ವಿದ್ಯೆಗಳಿಗೂ ತಾನೇ ವಾರಸುದಾರನಾಗಿಬಿಡುತ್ತಾನೆ. ಮೈಸೂರಿನವನು ಎಂದರೆ ಸಾಕು, ರೇಷ್ಮೆ ಸೀರೆ ತಂದು ಹರಡಿ ಜರಿ ಅಸಲಿಯೋ ನಕಲಿಯೋ ಹೇಳು ಎನ್ನುತ್ತಾರೆ. ಕೊಡಗಿನವನ ಮೂಗಿನ ಕೆಳಗೆ ಕಾಫಿಪುಡಿ ಹಿಡಿಯುತ್ತಾರೆ. ನಾನು ಮಂಗಳೂರಿನ ಕಡೆಯವನು. ಹಾಗಾಗಿ ಕುವೈತಿನಲ್ಲಿ ನನ್ನ ಪಾಲಿಗೆ ಬಂದದ್ದು ಮೀನು. ನಿಜ ಹೇಳಬೇಕೆಂದರೆ ಮೀನಿನೊಂದಿಗೆ ನನ್ನ ಪರಿಚಯ ಶುರುವಾಗುವುದೇ ಅದು ಬಟ್ಟಲಿಗೆ ಬಂದ ಮೇಲೆ. ಅದಕ್ಕೆ ಮೊದಲು ಅದು ಎಲ್ಲಿತ್ತು, ಏನು ತಿನ್ನುತ್ತಿತ್ತು, ಯಾರ ಜೊತೆ ಓಡಾಡುತ್ತಿತ್ತು ಎಂದು ನಾನು ವಿಚಾರಿಸಿದವನಲ್ಲ. ಬಂಗುಡೆ ಯಾವುದು, ಬೂತಾಯಿ ಯಾವುದು ಎಂದು ಗುರುತಿಸಬಲ್ಲೆ, ಅದೂ ಮಸಾಲೆ ಹಚ್ಚುವುದಕ್ಕೆ ಮೊದಲಾದರೆ. ಆದರೆ ಯಾರಾದರೂ ಕೇಳಿದಾಗ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಮಾತ್ರ ನನಗೆ ಹುಟ್ಟಿನಿಂದಲೇ ಇಲ್ಲ.

ಮಿರ್ಕಾಬ್‌ನಲ್ಲಿದ್ದ ನಮ್ಮ ಆಫೀಸು ಬ್ರಷ್ಷು, ಸೋಪು, ಫಿನಾಯಿಲುಗಳನ್ನು ತರಿಸಿ ಮಾರುತ್ತಿತ್ತು. ನಾನು ಅಲ್ಲಿ ಗುಮಾಸ್ತ. ಕಫೀಲ್, ಅಂದರೆ ನನ್ನನ್ನು ಕರೆಸಿಕೊಂಡ ಯಜಮಾನರು, ಅಬು ಖಾಲಿದ್ ಅಮೆರಿಕದಲ್ಲಿ ಓದಿ ಬಂದವರು, ಒಳ್ಳೆಯ ಮನುಷ್ಯ. ಅವರಿಗೆ ವಫ್ರಾದಲ್ಲಿ ಒಂದು ತೋಟವಿತ್ತು. ಟೊಮೆಟೊ, ಸೌತೆಕಾಯಿಗೆ ನೀರು ಬಿಡಲು ಅಲ್ಲಿ ದೊಡ್ಡದೊಂದು ಸಿಮೆಂಟಿನ ಕೊಳ ಕಟ್ಟಿಸಿದ್ದರು. ೧೯೯೦ರ ಜನವರಿಯ ಚಳಿಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ಒಳಗೆ ಕರೆದು, ಅಮೆರಿಕದಲ್ಲಿ ಜನ ತಮ್ಮ ಸ್ವಂತ ಕೊಳಗಳಲ್ಲಿ ಪ್ಯಾಡಲ್ ಫಿಶ್ ಎಂಬ ಮೀನು ಬಿಟ್ಟು ಸಾಕುತ್ತಾರೆ, ನಾನೂ ವಿಮಾನದಲ್ಲಿ ತರಿಸುತ್ತಿದ್ದೇನೆ, ಇಡೀ ಕುವೈತಿನಲ್ಲಿ ಯಾರ ಬಳಿಯೂ ಇಲ್ಲದ ಮೀನು ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. "ನೀನು ಮಂಗಳೂರಿನವನು. ಸಮಕ್ ವಿಷಯ ನಿನಗೆ ಗೊತ್ತು, ಅಲ್ಲವೇ?" ಎಂದು ಕೇಳಿದರು. ಸಮಕ್ ಎಂದರೆ ಮೀನು. "ಗೊತ್ತು ಸಾರ್, ನಮ್ಮದು ಅದೇ ನೀರು" ಎಂದೆ.

ಹಾಗೆ ಹೇಳಲು ನನಗೊಂದು ಕಾರಣವೂ ಇತ್ತು. ಮದುವೆಯಾಗಿ, ರಜೆ ಮುಗಿಸಿ, ಹೆಂಡತಿ ಸುಮತಿಯನ್ನು ಕಾಪುವಿನಲ್ಲಿ ಬಿಟ್ಟು ಬಂದವನು ನಾನು. ಅವಳನ್ನು ಕರೆಸಿಕೊಳ್ಳುವ ವೀಸಾಕ್ಕೆ ಅಬು ಖಾಲಿದ್ ಅವರ ಸಹಿ ಬೇಕಿತ್ತು. ಕೇಳಿದಾಗಲೆಲ್ಲ ಅವರು "ಇನ್ಶಾ ಅಲ್ಲಾ" ಎನ್ನುತ್ತಿದ್ದರು, ಕಾಗದ ಮಾತ್ರ ಮೇಜಿನಿಂದ ಏಳುತ್ತಿರಲಿಲ್ಲ. ಅಂದು ಅವರೇ ಆ ಕಾಗದದ ಮೇಲೆ ಬೆರಳಿಟ್ಟು, "ಬೇಸಿಗೆ ಜೋರಾಗುವ ಮೊದಲು ಗೆಳೆಯರನ್ನೆಲ್ಲ ಊಟಕ್ಕೆ ಕರೆಯುತ್ತೇನೆ. ನೀನು ಆ ಮೀನು ಬೆಳೆಸಿ ಅವರ ತಟ್ಟೆಗೆ ಹಾಕು. ಅಂದೇ ಸಹಿ, ಖಲಾಸ್" ಎಂದರು. ಅಲ್ಲಿಂದ ಹೊರಬಂದ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೀನು ಬಂದ ದಿನದ ಸಂಭ್ರಮವನ್ನು ಏನೆಂದು ಹೇಳಲಿ. ನೀರು ತುಂಬಿ ಉಬ್ಬಿಸಿದ ಪ್ಲಾಸ್ಟಿಕ್ ಚೀಲಗಳೊಳಗೆ ಮೊಳದುದ್ದದ ಮೀನುಗಳು. ಮೈಯಲ್ಲಿ ಹುರುಪೆ ಇಲ್ಲ, ಬೂದು ಬಣ್ಣ, ಚಿಕ್ಕ ಕಣ್ಣು, ಮುಂದಕ್ಕೆ ನಮ್ಮ ಮನೆಯ ದೋಸೆ ಸಟ್ಟುಗದಂಥ ಚಪ್ಪಟೆ ಮೂತಿ. ತೋಟದ ಮೇಸ್ತ್ರಿ ಬಶೀರ್ ಭಾಯಿ ಒಂದು ಚೀಲವನ್ನು ಬೆಳಕಿಗೆ ಹಿಡಿದು ನೋಡಿ, "ಸಾಬ್, ಯೇ ಮಛಲಿ ಹೈ ಯಾ ಚಮ್ಮಚ್?" ಎಂದು ಕೇಳಿದ, ಇದು ಮೀನೋ ಚಮಚವೋ ಅಂತ. ನಾನೂ ಅಂಥದ್ದನ್ನು ಜನ್ಮದಲ್ಲಿ ಕಂಡಿರಲಿಲ್ಲ, ಆದರೂ ನಮ್ಮ ಕಡೆ ಇದು ಮಾಮೂಲು ಎಂಬಂತೆ ತಲೆಯಾಡಿಸಿದೆ. ಒಂದೊಂದೇ ಚೀಲ ಬಿಚ್ಚಿ ಕೊಳಕ್ಕೆ ಬಿಟ್ಟಾಗ ಅವು ಮೂತಿ ಆಡಿಸುತ್ತಾ ಹಸಿರು ನೀರಿನೊಳಗೆ ಇಳಿದು ಮಾಯವಾದವು. ಅಬು ಖಾಲಿದ್ ಚಪ್ಪಾಳೆ ತಟ್ಟಿದರು. "ಏನೂ ತಿನ್ನಿಸಬೇಡ. ತನ್ನ ಊಟ ಅದೇ ಹುಡುಕಿಕೊಳ್ಳುತ್ತದೆ" ಎಂದು ಹೇಳಿ ಮರುವಾರ ಲಂಡನ್ನಿಗೆ ಹೋದರು.

ಮನೆಗೆ ಬಂದವರನ್ನು ನಿಮ್ಮ ಊಟ ನೀವೇ ಹುಡುಕಿಕೊಳ್ಳಿ ಎಂದು ಬಿಡುವ ವಂಶದಲ್ಲಿ ನಾನು ಹುಟ್ಟಿಲ್ಲ. ವಫ್ರಾಕ್ಕೆ ಬಸ್ಸು ಸಿಗುವುದು ಕಷ್ಟ. ಪ್ರತಿ ಶುಕ್ರವಾರ ತರಕಾರಿ ತರಲು ಹೋಗುವ ಪಿಕಪ್ ಹತ್ತಿ, ಅನ್ನದ ಉಂಡೆ ಕಟ್ಟಿಕೊಂಡು ಹೋಗತೊಡಗಿದೆ. ಉಂಡೆ ತಳಕ್ಕೆ ಹೋಗುತ್ತಿತ್ತು, ಮೀನು ತಿರುಗಿಯೂ ನೋಡುತ್ತಿರಲಿಲ್ಲ. ಈ ಚಿಂತೆಯನ್ನು ನಮ್ಮ ಮೆಸ್ಸಿನ ಅಡುಗೆಯ ಸಂಜೀವಣ್ಣನ ಮುಂದೆ ಇಟ್ಟೆ. ಸಂಜೀವಣ್ಣ ಉಡುಪಿಯವರು, ಕಡಲ ಮೀನು ಬಿಟ್ಟು ಉಳಿದದ್ದನ್ನು ಮೀನೆಂದು ಒಪ್ಪದವರು. ತುಳುವಿನಲ್ಲಿ ಅವರು ಅಂದದ್ದು ಇಷ್ಟು: "ತಿನ್ನುವುದು ಹಾಗಿರಲಿ ಮಾರಾಯ. ಸಿಹಿನೀರಿನ ಮೀನಿಗೆ ಕೆಸರಿನ ವಾಸನೆ. ಅರಬರ ಬಟ್ಟಲಿಗೆ ಅದನ್ನು ಹಾಕಿದರೆ ನಿನ್ನ ವೀಸಾಕ್ಕೂ ಅದೇ ವಾಸನೆ."

ಮಾತು ನಾಟಿತು. ಚಿಕ್ಕಂದಿನಲ್ಲಿ ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಮುಗುಡು ಮೀನನ್ನು ನಮ್ಮಮ್ಮ ಉಪ್ಪು, ಹುಣಸೆಹಣ್ಣು, ಬೂದಿ ಹಾಕಿ ಕೈ ಸೋಲುವವರೆಗೆ ತಿಕ್ಕುತ್ತಿದ್ದುದು ನೆನಪಾಯಿತು. ಆಗ ನನ್ನ ತಲೆಗೊಂದು ಹೊಸ ವಿಚಾರ ಹೊಳೆಯಿತು. ವಾಸನೆ ಮೀನಿಗೆ ಹತ್ತಿದ ಮೇಲೆ ಮೀನನ್ನು ತಿಕ್ಕುವುದು ಹಳೇ ಕಾಲದ ಪದ್ಧತಿ. ವಾಸನೆ ಹತ್ತುವ ಮೊದಲೇ ಕೊಳವನ್ನು ತಿಕ್ಕಿಬಿಟ್ಟರೆ ಹೇಗೆ? ಊರಿನಲ್ಲಿ ಮಳೆಗಾಲಕ್ಕೆ ಮುಂಚೆ ಬಾವಿಗೆ ಇಳಿದು ಕೆಸರು ತೆಗೆಯದ ಮನೆ ಉಂಟೇ? ಈ ನೀರಾದರೋ ಪಾಚಿ ಕಟ್ಟಿ ಹಸಿರಾಗಿತ್ತು. ಅಷ್ಟು ದೂರದಿಂದ ವಿಮಾನದಲ್ಲಿ ಬಂದ ಅತಿಥಿಗಳನ್ನು ಇಂಥ ನೀರಿನಲ್ಲಿ ಇಟ್ಟಿದ್ದೇವಲ್ಲ ಎಂದು ನನಗೇ ನಾಚಿಕೆಯಾಯಿತು.

ಮುಂದಿನ ಶುಕ್ರವಾರ ಮೀನುಗಳನ್ನು ಡ್ರಮ್ಮುಗಳಿಗೆ ಸಾಗಿಸಿ, ಕೊಳ ಬರಿದುಮಾಡಿಸಿ, ನಮ್ಮದೇ ಗೋಡೌನಿನ ಒಳ್ಳೊಳ್ಳೆ ಬ್ರಷ್ಷುಗಳೊಂದಿಗೆ ನಾನೇ ಇಳಿದೆ. ಬಶೀರ್ ಭಾಯಿಯ ಜನ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಯಲ್ಲಾ ಯಲ್ಲಾ ಎನ್ನುತ್ತಾ ಸಂಜೆಯೊಳಗೆ ಸಿಮೆಂಟು ಬೆಳ್ಳಗೆ ಕಾಣುವ ಹಾಗೆ ಮಾಡಿದೆವು. ಟ್ಯಾಂಕರಿನ ತಿಳಿನೀರು ತುಂಬಿಸಿ ಮೀನು ಬಿಟ್ಟಾಗ ಒಂದೊಂದರ ಮೂತಿಯೂ ತಳದವರೆಗೆ ನಿಚ್ಚಳವಾಗಿ ಕಂಡಿತು. ಸೊಂಟ ಹಿಡಿದಿತ್ತು, ಆದರೆ ಅಷ್ಟು ಖುಷಿಯಿಂದ ನಾನು ನನ್ನ ಮದುವೆಯ ಮಂಟಪದಲ್ಲೂ ನಿಂತಿರಲಿಲ್ಲ.

ಅದಾದ ಮೇಲೆ ಮೀನುಗಳು ದಿನವಿಡೀ ಬಾಯಿ ಅಗಲಿಸಿಕೊಂಡು ಸುತ್ತುತ್ತಿದ್ದವು. ಎಷ್ಟು ಸಂತೋಷ ನೋಡಿ ಎಂದು ನಾನು ಬಶೀರ್ ಭಾಯಿಗೆ ತೋರಿಸಿದೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಒಳಕ್ಕೆ ಹೋಗಿ, ತಲೆಯೇ ದೊಡ್ಡದಾಗಿ ಕಾಣಲು ಶುರುವಾಯಿತು. ಏನಾಯಿತಪ್ಪಾ ಎಂದು ಕಂಗಾಲಾಗಿರುವಾಗಲೇ ಲಂಡನ್ನಿನಿಂದ ಆಫೀಸಿಗೆ ಅಬು ಖಾಲಿದ್ ಅವರ ಫೋನು ಬಂತು.

"ನೀರು ಚೆನ್ನಾಗಿ ಹಸಿರಾಗಿದೆಯೇ?" ಎಂದು ಕೇಳಿದರು.

"ಹಸಿರಾಗಿರಬೇಕೇ ಸಾರ್?"

"ಮತ್ತೆ? ಆ ಮೀನಿಗೆ ಹಲ್ಲಿಲ್ಲ. ಬಾಯಿ ತೆರೆದು ಈಜುತ್ತಾ ಹಸಿರು ನೀರಿನಲ್ಲಿರುವ ಸಣ್ಣ ಸಣ್ಣ ಹುಳುಗಳನ್ನು ಸೋಸಿ ತಿನ್ನುತ್ತದೆ. ಅದು ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಇದು ನಿನಗೆ ಗೊತ್ತಿರಲೇಬೇಕಲ್ಲ."

"ಗೊತ್ತು ಸಾರ್. ಎಷ್ಟು ಹಸಿರಿದೆ ಅಂದರೆ ಮೀನೇ ಕಾಣಿಸುವುದಿಲ್ಲ" ಎಂದೆ. ಮನೆಗೆ ಕರೆದ ಅತಿಥಿಯ ಉಗ್ರಾಣವನ್ನೇ ನಾನು ತಿಕ್ಕಿ ತೊಳೆದು ಚರಂಡಿಗೆ ಬಿಟ್ಟಿದ್ದೆ.

ಅರ್ಧ ದಿನ ರಜೆ ಹಾಕಿ ಸಿಕ್ಕಿದ ಟ್ಯಾಕ್ಸಿ ಹಿಡಿದು ವಫ್ರಾಕ್ಕೆ ಓಡಿದೆ. ಪಕ್ಕದ ತೋಟಗಳಿಗೆ ಹೋಗಿ, ಅಣ್ಣ, ಭಾಯಿ, ಹಬೀಬಿ ಎಂದು ಬೇಡಿ ಅವರ ಕೊಳದ ಪಾಚಿನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ತಂದು ಸುರಿದೆ. ಗೊಬ್ಬರ ಸಿಕ್ಕರೆ ಪಾಚಿ ಬೇಗ ಹಬ್ಬೀತೆಂದು ಹಟ್ಟಿಯಿಂದ ಆಡಿನ ಹಿಕ್ಕೆ ಹೊರಿಸಿ ತಂದು, ಗೋಣಿಯಲ್ಲಿ ಕಟ್ಟಿ, ಆ ಬೆಳ್ಳಗಿನ ಕೊಳಕ್ಕೆ ನನ್ನ ಕೈಯಾರೆ ಇಳಿಬಿಟ್ಟೆ. ಬಶೀರ್ ಭಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಸಾಬ್, ಪಹಲೇ ಧೋಯಾ, ಅಬ್ ಗೋಬರ್?" ಎಂದ, ಮೊದಲು ತೊಳೆದಿರಿ, ಈಗ ಸಗಣಿಯೇ ಅಂತ. "ಅಮೆರಿಕಾ ಕಾ ತರೀಕಾ", ಇದು ಅಮೆರಿಕದ ಪದ್ಧತಿ ಎಂದು ಅವನ ಬಾಯಿ ಮುಚ್ಚಿಸಿದೆ. ಆ ವಾರ ಸುಮತಿ ಫೋನಿನಲ್ಲಿ, "ವೀಸಾ ಎಲ್ಲಿಗೆ ಬಂತು?" ಎಂದು ಕೇಳಿದಳು. "ನೀರು ಹಸಿರಾಗುವುದನ್ನೇ ಕಾಯುತ್ತಿದ್ದೇನೆ" ಎಂದೆ. ಗಲ್ಫಿನ ಬಿಸಿಲಿಗೆ ಗಂಡನ ತಲೆ ಕೆಟ್ಟಿದೆ ಎಂದು ಅವಳು ತನ್ನ ಅಮ್ಮನಲ್ಲಿ ಹೇಳಿ ಅತ್ತಳಂತೆ.

ಕೊನೆಗೂ ನೀರು ಹಸಿರಾಯಿತು. ಮೊದಲು ತೆಳ್ಳಗೆ ಹೆಸರುಕಾಳಿನ ಬಣ್ಣ, ಆಮೇಲೆ ದಟ್ಟವಾಗಿ. ಆ ಕೊಳಕು ನೀರನ್ನು ನೋಡಿ ನಾನು ದಂಡೆಯ ಮೇಲೆ ಕುಣಿದದ್ದಕ್ಕೆ ಬಶೀರ್ ಭಾಯಿಯೇ ಸಾಕ್ಷಿ. ಮೀನುಗಳು ಮೈ ತುಂಬಿಕೊಂಡವು, ಮೇ ಹೊತ್ತಿಗೆ ಬಲೆ ಎಳೆಯಲು ಇಬ್ಬರು ಸಾಲದೆ ಮೂವರು ಬೇಕಾದರು. ಸಂಜೀವಣ್ಣನೂ ಮನಸ್ಸಿಲ್ಲದ ಮನಸ್ಸಿನಿಂದ ಬಂದು, ಹುಣಸೆ ಉಪ್ಪು ಹಾಕಿ ತಿಕ್ಕಿ, ಅರ್ಧ ಮೀನನ್ನು ಹುರಿದು ಉಳಿದರ್ಧಕ್ಕೆ ಕಾಯಿ ಮಸಾಲೆ ಅರೆದು ಗಸಿ ಮಾಡಿದರು. ಕತ್ತರಿಸುವಾಗ ಒಂದೇ ಒಂದು ಮುಳ್ಳು ಸಿಗದೆ, "ಮುಳ್ಳಿಲ್ಲದಿದ್ದರೆ ಊಟದಲ್ಲಿ ಮಾಡುವುದಕ್ಕೆ ಕೆಲಸವೇನು?" ಎಂದು ಬೇಜಾರು ಮಾಡಿಕೊಂಡರು.

ಅಬು ಖಾಲಿದ್ ಲಂಡನ್ನಿನಿಂದ ಮರಳಿದರು. ಅತಿಥಿಗಳು ಬಂದರು, ನೆಲದ ಮೇಲೆ ದೊಡ್ಡ ತಟ್ಟೆಗಳ ಸುತ್ತ ಕೂತರು, ತಿಂದರು, ಬೆರಳು ಚೀಪಿದರು. ಒಬ್ಬ ಹಿರಿಯರು, ಇದಕ್ಕೆ ಏನು ತಿನ್ನಿಸುತ್ತೀರಿ ಎಂದು ಕೇಳಿದರು. "ಏನೂ ಇಲ್ಲ, ಬರೀ ನೀರು ಕುಡಿದು ಬೆಳೆಯುತ್ತದೆ" ಎಂದು ಅಬು ಖಾಲಿದ್ ಹೆಮ್ಮೆಯಿಂದ ಹೇಳಿ, ಹೊಟ್ಟೆಯ ಭಾಗದ ದಪ್ಪ ತುಂಡನ್ನು ತಮ್ಮ ಕೈಯಿಂದಲೇ ಎತ್ತಿ ನನ್ನ ಮುಂದಿಟ್ಟರು. ಅವರಲ್ಲಿ ಅದು ದೊಡ್ಡ ಮರ್ಯಾದೆ. ಅಲ್ಲಿದ್ದವರಲ್ಲಿ ಆ ನೀರಿನ ಜಾತಕ ಗೊತ್ತಿದ್ದವನು ನಾನೊಬ್ಬನೇ. ಕಣ್ಣುಮುಚ್ಚಿ ಸುಮತಿಯನ್ನು ನೆನೆದು ಬಾಯಿಗಿಟ್ಟೆ. ಬೆಣ್ಣೆಯ ಹಾಗೆ ಕರಗಿತು. ಎರಡನೆಯ ತುಂಡನ್ನು ನಾನೇ ಕೇಳಿ ಹಾಕಿಸಿಕೊಂಡೆ. ಅಂದೇ ಸಹಿ ಬಿತ್ತು.

ಜೂನ್ ತಿಂಗಳಲ್ಲಿ ಸುಮತಿ ಬಂದಿಳಿದಳು. ಆ ವರ್ಷದ ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಲಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ನಾವಿಬ್ಬರಂತೂ ನೆಲದ ಮೇಲಿರಲಿಲ್ಲ. ಅಬು ಖಾಲಿದ್ ನಮಗೆಂದೇ ಒಂದು ಮೀನು ಕಳಿಸಿಕೊಟ್ಟಿದ್ದರು. ಸುಮತಿ ಅದರ ಗಸಿಯನ್ನು ಎರಡು ಸಲ ಬಡಿಸಿಕೊಂಡು, "ಸಿಹಿನೀರಿನದ್ದು ಅಂತ ಹೇಳಲಿಕ್ಕೇ ಆಗುವುದಿಲ್ಲ, ಏನು ಶುದ್ಧ ರುಚಿ. ಈ ಮೀನು ಇರುವ ಜಾಗ ನನಗೆ ನೋಡಬೇಕು" ಎಂದಳು. ಶುಕ್ರವಾರ ಉತ್ಸಾಹದಿಂದ ಅವಳನ್ನು ವಫ್ರಾಕ್ಕೆ ಕರೆದುಕೊಂಡು ಹೋದೆ. ಅವಳು ಕೊಳದ ದಂಡೆಯಲ್ಲಿ ನಿಂತು ಬಗ್ಗಿ ನೋಡಿದಳು. ಮೂಗಿಗೆ ಸೆರಗು ಹಿಡಿದಳು. ಆಮೇಲೆ ಅದೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇದೆಂಥ ಅವಸ್ಥೆ. ನೀವು ಇಷ್ಟು ಜನ ಗಂಡಸರು ಇದ್ದು ಇದನ್ನೊಂದು ತೊಳೆಯಲಿಕ್ಕೆ ಆಗಲಿಲ್ಲವಾ? ಬ್ರಷ್ಷು ಎಲ್ಲುಂಟು?" ಎಂದಳು.

ನಾನು ಎರಡೂ ಕೈ ಅಗಲಿಸಿ ಅವಳಿಗೆ ಅಡ್ಡ ನಿಂತೆ. "ಬೇಡ ಸುಮತಿ" ಎಂದೆ, "ಇದನ್ನು ಈ ಸ್ಥಿತಿಗೆ ತರಲು ನಾನು ತುಂಬಾ ಕಷ್ಟಪಟ್ಟಿದ್ದೇನೆ."