ಮಾವನ ಮನೆ ಮುಂದೆ ಓಡಿದ್ದು

ನಾನು ಸಿಡುಕ. ಇದನ್ನು ನನ್ನ ಹೆಂಡತಿ ಸರೋಜ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ. ಬಸ್ಸು ತಡವಾಗಿ ಬಂದರೆ ನನಗೆ ಕೋಪ. ಅದು ಸರಿಯಾದ ಹೊತ್ತಿಗೆ ಬಂದು ನಾನೇ ತಡವಾಗಿದ್ದರೆ ಇನ್ನೂ ಕೋಪ. ಕೋಪಿಷ್ಠರ ಮನಸ್ಸು ಬೆಣ್ಣೆ, ಗಳಿಗೆಯಲ್ಲಿ ಎಲ್ಲ ಮರೆತುಬಿಡುತ್ತಾರೆ ಎಂದು ಜನ ಹೇಳುವುದುಂಟು. ಶುದ್ಧ ಸುಳ್ಳು. ಒಂದು ಚೊಂಬು ಮಜ್ಜಿಗೆಯ ಮೇಲೆ ನನಗೆ ಬಂದ ಕೋಪ ಇಷ್ಟು ವರ್ಷವಾದರೂ ಹುಳಿಯೇರುತ್ತಿದೆಯೇ ಹೊರತು ಇಳಿದಿಲ್ಲ.

ಹೊಸೂರಿನಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಅವುಗಳಲ್ಲೊಂದರಲ್ಲಿ ನಾನು ಲೇತ್ ಮೆಷಿನ್ನಿನ ಮುಂದೆ ನಿಲ್ಲುತ್ತಿದ್ದೆ. ಬೆಳಗಿನ ಪಾಳಿಗೆ ಬಸ್ಸು ತಪ್ಪಿದಾಗಲೆಲ್ಲ ಅದನ್ನು ಬಯ್ಯುತ್ತ ನಾಲ್ಕು ಮೈಲಿ ಓಡಿ ಗೇಟು ಸೇರುತ್ತಿದ್ದವನಿಗೆ ಓಟವೇ ಚಟವಾಯಿತು. ನಮ್ಮ ಕಾರ್ಖಾನೆಯ ಕ್ರೀಡಾಕೂಟದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಓಟವೊಂದಿತ್ತು, ಕ್ರಾಸ್ ಕಂಟ್ರಿ ಅಂತ. ಹದಿಮೂರು ಮೈಲಿ, ಟಾರು ರಸ್ತೆ ಕಡಿಮೆ, ಕೆರೆ ಏರಿ, ಹೊಲದ ಬದು, ಬಂಡೆಗುಡ್ಡವೇ ಹೆಚ್ಚು. ಅದರಲ್ಲಿ ಎರಡು ವರ್ಷ ನಾನು ಎರಡನೆಯವನಾಗಿ ಬಂದೆ. ಎರಡು ಸಲವೂ ಮೊದಲು ಬಂದವನು ಪೇಂಟ್ ಶಾಪಿನ ಸೆಲ್ವರಾಜ್. ಕೃಷ್ಣಗಿರಿ ಕಡೆಯ ತಮಿಳು ಹುಡುಗ, ಕಡ್ಡಿಯಂಥ ಕಾಲು, ಯಾವಾಗಲೂ ನಗು. ಗೆದ್ದ ಮೇಲೆ ಸುಮ್ಮನಿರಬಾರದೆ? ಬಂದು ನನ್ನ ಬೆನ್ನು ತಟ್ಟಿ, "ಅಡುತ್ತ ವರ್ಷ ನೀವೇದಾನ್ ಅಣ್ಣಾ" ಎಂದು ಮುಂದಿನ ವರ್ಷದ ಗೆಲುವನ್ನು ನನಗೆ ದಾನ ಮಾಡುತ್ತಿದ್ದ. ಸೋತವನಿಗೆ ಸಮಾಧಾನ ಹೇಳುವ ಗೆದ್ದವನಷ್ಟು ಮೈ ಉರಿಸುವ ಪ್ರಾಣಿ ಇನ್ನೊಂದಿಲ್ಲ.

ಇದರ ಮೇಲೆ ನನ್ನ ಮಾವ ಬೇರೆ. ತೊರಪಲ್ಲಿ ಅಗ್ರಹಾರದ ಕಡೆಯ ಹಳ್ಳಿಯವರು, ರಾಗಿ, ಹುರುಳಿ ಬೆಳೆಯುವವರು. ಹಬ್ಬಕ್ಕೆ ಹೋದಾಗ ಬೆಳಗ್ಗೆ ಓಡಲು ಹೊರಟ ನನ್ನನ್ನು ತಡೆದು, "ಮೂರ್ ಹೊತ್ತೂ ಉಣ್ಣೋರು ಯಾಕ್ ಓಡ್ಬೇಕು ಅಳಿಯಂದ್ರೇ? ಓಡೋಂಥಾದ್ದು ಏನ್ ಮಾಡಿದ್ದೀರಿ?" ಎಂದು ಕೇಳಿದರು. ಜಗಲಿಯ ಮೇಲಿದ್ದ ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಒಳಗೆ ಹಲ್ಲು ಕಡಿದದ್ದು ನನಗೆ ಮಾತ್ರ ಗೊತ್ತು.

ಮೂರನೆಯ ವರ್ಷ ಓಟದ ದಾರಿ ಬದಲಾಯಿತು. ಹೊಸ ದಾರಿ ಕೆರೆ ಏರಿ ಇಳಿದು ನೇರ ನಮ್ಮ ಮಾವನ ಊರೊಳಗೆ ಹೊಕ್ಕು, ಅವರ ಮನೆ ಮುಂದೆಯೇ ಹಾದು, ಗುಡ್ಡ ಹತ್ತಿ ವಾಪಸು ಬರುವಂತೆ ಇತ್ತು. ಹೊಸೂರಿನ ಸುತ್ತ ಇಷ್ಟೊಂದು ಹಳ್ಳಿಗಳಿರುವಾಗ ಆ ದಾರಿಯನ್ನೇ ಗೊತ್ತು ಮಾಡಿದ ಪುಣ್ಯಾತ್ಮನ ತಲೆಯಲ್ಲಿ ಏನಿತ್ತೋ! ಅವನಿಗೆ ನಾನು ಹಾಕಿರುವ ಶಾಪವನ್ನೆಲ್ಲ ಒಟ್ಟು ಮಾಡಿದರೆ ಏಳು ತಲೆಮಾರಿಗೂ ಉಳಿಯುತ್ತದೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಕ್ಯಾನ್ವಾಸ್ ಶೂ, ಚಡ್ಡಿ, ಬನಿಯನ್ನಿಗೆ ಪಿನ್ನು ಹಾಕಿದ ನಂಬರು. ಅವತ್ತು ಕಾಲು ಹೇಳಿದ ಹಾಗೆ ಕೇಳುತ್ತಿತ್ತು. ಕೆರೆ ಏರಿಯ ಮೇಲೆಯೇ ಸೆಲ್ವರಾಜನನ್ನು ಹಿಂದೆ ಹಾಕಿದೆ. ಊರಿನ ಹತ್ತಿರ ರಸ್ತೆಗೆ ಹುರುಳಿ ಗಿಡ ಹರಡಿದ್ದರು, ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಅಂತ. ಅಲ್ಲಿದ್ದ ಮುದುಕಿ, "ಬದೀಗ್ಯಾಕ್ ಓಡ್ತೀಯಲಾ, ಮಧ್ಯದಾಗೆ ತುಳಿ! ಇನ್ನೆರಡ್ ಸಲ ಬಂದೋಗು" ಎಂದಳು. ಅದಕ್ಕೂ ಕೋಪ ಮಾಡಿಕೊಳ್ಳದಷ್ಟು ಖುಷಿಯಲ್ಲಿದ್ದೆ ಎಂದರೆ ನೀವೇ ಲೆಕ್ಕ ಹಾಕಿ.

ಮಾವನ ಬೀದಿಗೆ ತಿರುಗಿದೆ. ಸುದ್ದಿ ಮೊದಲೇ ತಲುಪಿತ್ತು. ಜಗಲಿಯ ಮೇಲೆ ಚಾಪೆ ಹಾಸಿತ್ತು, ಅರ್ಧ ಊರು ಸೇರಿತ್ತು. ಅತ್ತೆಮ್ಮ ಒಂದು ಕೈಯಲ್ಲಿ ಕಾಲಿಗೆ ನೀರು, ಇನ್ನೊಂದು ಕೈಯಲ್ಲಿ ಮಜ್ಜಿಗೆಯ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅಳಿಯ ಎಂಬುವನು ಅತ್ತೆಮನೆ ಮುಂದೆ ಬಾಯಿ ಒಣಗಿಸಿಕೊಂಡು ಹೋಗುವಂತಿಲ್ಲ. ಹೋದರೆ ಸಂಬಂಧ ಮುರಿಯಿತು ಎಂದೇ ಅರ್ಥ. ನಮ್ಮ ಅತ್ತೆಮ್ಮ ಅಳಿಯನ ಜೊತೆ ನೇರ ಮಾತಾಡುವವರೂ ಅಲ್ಲ. ಅವರು ಮಾವನಿಗೆ ಹೇಳಬೇಕು, ಮಾವ ನನಗೆ ಹೇಳಬೇಕು. ನಾನೋ, ಪ್ರಾಣ ಬಾಯಿಗೆ ತಂದುಕೊಂಡು ಓಡುತ್ತಿದ್ದೇನೆ!

"ಕಾಲಿಗ್ ನೀರ್ ಇಕ್ಕಿವ್ನಿ, ತೊಳ್ಕಳಾಕೇಳಿ" ಎಂದರು ಅತ್ತೆಮ್ಮ.

"ಅಳಿಯಂದ್ರೇ, ಕಾಲ್ ತೊಳ್ಕೊಬೇಕಂತೆ, ಮಜ್ಜಿಗೆ ಕುಡ್ದು ಓಡೋರಂತೆ, ನಿಂತ್ಕಳಿ!" ಎಂದರು ಮಾವ.

"ಟೈಮಿಲ್ಲ ಮಾವಾ!" ಎಂದು ಕೂಗಿ ದಾಟಿಬಿಟ್ಟೆ. ಆ ಎರಡು ಮಾತು ಇವತ್ತಿಗೂ ಆ ಊರಿನಲ್ಲಿ ಗಾದೆಯಾಗಿ ಉಳಿದಿದೆ. ಹಿಂದಿನಿಂದ ಯಾರೋ, "ಯಾಕ್ಲಾ ನಿನ್ನಳಿಯ ಹಂಗೋದ? ನಿನ್ ಮಗಳೇನಾರ ಜಗಳ ಮಾಡ್ಕೊಂಡವ್ಳಾ?" ಎಂದು ಮಾವನನ್ನು ಕೇಳಿದ್ದು ಕಿವಿಗೆ ಬಿತ್ತು. ಬಿದ್ದರೂ ನಿಲ್ಲಲಿಲ್ಲ. ಗೆದ್ದಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಗುಡ್ಡದ ಅರ್ಧದಲ್ಲಿ ಪಕ್ಕೆ ಹಿಡಿಯಿತು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಬಂಡೆಯೊಂದನ್ನು ತಬ್ಬಿಕೊಂಡು ನಿಂತಿದ್ದಾಗ ಕೆಳಗಿನಿಂದ ಹಾಯಾಗಿ ಉಸಿರು ಬಿಡುತ್ತ ಸೆಲ್ವರಾಜ್ ಬಂದ. ಮೀಸೆ ಬೆಳ್ಳಗಾಗಿತ್ತು, ಅದರಲ್ಲೊಂದು ಚೂರು ಕರಿಬೇವು. "ಅಣ್ಣಾ, ನಿಮ್ಮತ್ತೆಮ್ಮ ಕೊಟ್ಟ ಮೋರು ಅಮೃತಂ ಅಣ್ಣಾ! ಎರಡು ಚೊಂಬು ಕುಡಿಚ್ಬಿಟ್ಟೆ. ಕಾಲಿಗೂ ನೀರು ಹಾಕಿದ್ರು, ನಲ್ಲಾ ಇರಪ್ಪಾ ಅಂದ್ರು" ಎಂದು ಹೇಳಿ ಗುಡ್ಡ ಹತ್ತಿ ಮರೆಯಾದ. ನ್ಯಾಯವೇ ಇದು? ಎರಡು ಚೊಂಬು ಕುಡಿದು ಓಡಿದವನಿಗೆ ಪಕ್ಕೆ ಹಿಡಿಯಬೇಕಿತ್ತು. ಹಿಡಿದದ್ದು ಕುಡಿಯದ ನನಗೆ! ನನ್ನ ಮಜ್ಜಿಗೆ, ನನ್ನ ಅತ್ತೆ, ನನ್ನ ಆಶೀರ್ವಾದ, ಎಲ್ಲ ಅವನ ಹೊಟ್ಟೆ ಸೇರಿ ನನ್ನನ್ನೇ ಸೋಲಿಸಿತು. ಅವನು ಮೊದಲು ಬಂದ. ನಾನು ಕುಂಟುತ್ತ ಒಂಬತ್ತನೆಯವನಾಗಿ ಬಂದೆ. ಬೆನ್ನು ತಟ್ಟಲು ಬಂದವನಿಗೆ ಬೆನ್ನೇ ಕೊಡಲಿಲ್ಲ.

ಮನೆಗೆ ಬಂದರೆ ಅಲ್ಲಿ ಮಾವ! ಓಟದವರೆಲ್ಲ ಊರು ದಾಟಿದ ಕೂಡಲೇ ಸೈಕಲ್ ಹತ್ತಿ ಹೊರಟುಬಂದಿದ್ದರು. ಸರೋಜಳ ಕಣ್ಣು ಕೆಂಪಾಗಿತ್ತು. ಮಾವ ಎದ್ದು ನಿಂತು, "ತಪ್ಪಿದ್ರೆ ಹೇಳ್ಬುಡಿ ಅಳಿಯಂದ್ರೇ. ಮಗಳ್ದೋ, ನಮ್ದೋ. ಮನೆ ಮುಂದೆ ಹಂಗ್ ಹೋಗ್ಬುಟ್ರೆ ನಾವೇನ್ ಅಂದ್ಕೊಳ್ಳೋದು?" ಎಂದರು.

ಹೊಟ್ಟೆಯಲ್ಲಿದ್ದ ಬೆಂಕಿಯೆಲ್ಲ ಹೊರಬಂತು. "ಅದು ಓಟ ಮಾವ, ಓಟ! ನೆಂಟಸ್ತನ ಅಲ್ಲ! ನಿಮ್ಮನ್ನ ಬೀದೀಲಿ ನಿಂತ್ಕೊಳ್ಳಿ ಅಂದೋರ್ಯಾರು? ಆ ದರಿದ್ರ ದಾರೀಲಿ ಓಟ ಇಡು ಅಂದೋರ್ಯಾರು?" ಎಂದು ಕೂಗಾಡಿದೆ.

ಸರೋಜ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೆಲ್ಲಗೆ, "ನೀವೇ ಅಲ್ವಾ?" ಎಂದಳು.

ನಾನೇ. ಕ್ರೀಡಾ ಕಾರ್ಯದರ್ಶಿಯ ಹಿಂದೆ ವಾರಗಟ್ಟಲೆ ಅಲೆದು, ಟೀ ಕುಡಿಸಿ, ಹಾಳೆಯ ಮೇಲೆ ದಾರಿ ಬರೆದುಕೊಟ್ಟವನು ನಾನೇ. ಭಾನುವಾರ ಎಂಟು ಗಂಟೆಗೆ ಎಲ್ಲರೂ ಮನೆ ಮುಂದೆ ಇರಲಿ ಎಂದು ಸರೋಜಳ ಕೈಲಿ ಹೇಳಿ ಕಳಿಸಿದವನೂ ನಾನೇ. ಎಲ್ಲರಿಗಿಂತ ಮುಂದೆ ಓಡುವುದನ್ನು ಮಾವ ಒಂದು ಸಲ ಕಣ್ಣಾರೆ ನೋಡಲಿ, ಜಗಲಿಯ ನಗು ಅಡಗಲಿ, ಇಷ್ಟೇ ನನ್ನ ಆಸೆ.

"ನೋಡ್ದೆ ಅಳಿಯಂದ್ರೇ. ಮುಂದ್ಗಡೆ ನೀವೇ ಇದ್ರಿ. ನಮ್ಮಳಿಯ ಮೊದ್ಲು ಬತ್ತಾರೆ ಅಂತ ಊರೋರ್ನೆಲ್ಲ ಕರ್ದಿದ್ದೆ. ಒಂದ್ ಗಳಿಗೆ ನಿಂತಿದ್ರೆ ಎಲ್ಲಾರ್ಗೂ ತೋರುಸ್ತಿದ್ದೆ" ಎಂದರು ಮಾವ.

ಬಯ್ಯಲು ಎದುರಿಗೆ ಯಾರೂ ಉಳಿಯಲಿಲ್ಲ. ಮಾವ ಸೈಕಲ್ಲಿನ ಹ್ಯಾಂಡಲಿಗೆ ತಗುಲಿಸಿದ್ದ ಮಜ್ಜಿಗೆಯ ತೂಕುಪಾತ್ರೆಯನ್ನು ತಂದು ಮುಂದಿಟ್ಟರು. ಸೆಲ್ವರಾಜ್ ಕುಡಿದು ಉಳಿಸಿದ್ದು. ಮುಖ ತಿರುಗಿಸಿಕೊಂಡೇ ಕುಡಿದೆ. ಆ ಹಾಳಾದವನು ಹೇಳಿದ್ದು ನಿಜ, ಅಮೃತವಾಗಿಯೇ ಇತ್ತು. ಆ ಕೋಪವೇ ನನಗೆ ಇನ್ನೂ ಇಳಿದಿಲ್ಲ.