ಗೂಡ್ಸ್ ಗಾಡಿಯ ಒಂದೇ ಒಂದು ಫೋಟೊ

ನಮ್ಮ ಶಿಕಾರಿಪುರಕ್ಕೆ ರೈಲು ಬರುವ ಸುದ್ದಿ ಬಂದಿದೆ, ರೈಲು ಇನ್ನೂ ಬಂದಿಲ್ಲ. ಇಂಥ ಊರಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡ ನನಗೆ ಡೀಸೆಲ್ ಗೂಡ್ಸ್ ಗಾಡಿಯ ಹುಚ್ಚು. ಬಿಡುವಾದಾಗಲೆಲ್ಲ ಬೈಕು ಹತ್ತಿ ಆನಂದಪುರದ ಕಡೆಯ ಹಳೇ ಲೈನಿಗೆ ಹೋಗುತ್ತೇನೆ. ಅಲ್ಲಿ ಗೂಡ್ಸ್ ಬರುವುದೇ ಅಪರೂಪವಾಗಿದೆ. ಕರೆಂಟ್ ಕಂಬ ಬೇರೆ ನೆಡುತ್ತಿದ್ದಾರೆ. ತಂತಿ ಎಳೆದರೆ ಡೀಸೆಲ್ ಎಂಜಿನ್ನಿನ ಕಥೆ ಮುಗಿಯಿತು. ಅಷ್ಟರೊಳಗೆ ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ಪೂರ್ತಿ ಗಾಡಿಯ ಒಂದೇ ಒಂದು ಫೋಟೊ ತೆಗೆಯಬೇಕು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಲೇ ಇರುತ್ತದೆ.

ಸರ್ವೆ

ಸೊರಬದಲ್ಲಿ ಒಂದು ನಾಮಕರಣ ಮುಗಿಸಿ ಬರುವಾಗ, ಹೊಸ ಲೆನ್ಸ್ ಪರೀಕ್ಷಿಸಲು ಗದ್ದೆ ಬದಿಯಲ್ಲಿ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸಿದೆ. ಗದ್ದೆಯ ಯಜಮಾನರು ಓಡಿಬಂದರು.

“ರೈಲ್ವೆ ಸರ್ವೆಯಾ?”

“ಅಲ್ಲ ರೀ, ರೈಲಿನ ಫೋಟೊ ತೆಗೆಯೋ ಲೆನ್ಸು, ನೋಡ್ತಿದ್ದೆ.”

“ಇಲ್ಲೆಲ್ಲಿದೆ ರೈಲು? ನನ್ನ ಹತ್ರ ಮುಚ್ಚಿಡಬೇಡಿ ಮಾರಾಯ್ರೆ.”

ಮನೆಗೆ ಎಳೆದೊಯ್ದು, ಕಾಫಿ ಕೊಟ್ಟು, ಪಹಣಿ ಬಿಡಿಸಿದರು. ಹೊರಡುವಾಗ ಕಿವಿಯಲ್ಲಿ ಹೇಳಿದರು: “ಲೈನು ನಮ್ಮ ದಾಯಾದಿ ಗದ್ದೆ ಮೇಲೆ ಹೋಗ್ಲಿ. ಸ್ಟೇಷನ್ ಮಾತ್ರ ನಮ್ಮನೆ ಮುಂದೆ ಮಾಡಿ.”

ಬೀಗರ ಕಡೆಯವರು

ಒಮ್ಮೆ ಗೂಡ್ಸ್ ಸಿಕ್ಕಿತು. ನಾನು ಲೆನ್ಸ್ ಒರೆಸುವಷ್ಟರಲ್ಲಿ ಎಂಜಿನ್ ದಾಟಿತ್ತು. ಫೋಟೊದಲ್ಲಿ ಬಿದ್ದದ್ದೆಲ್ಲ ಬರೀ ಡಬ್ಬಿಗಳು. ಅದೇ ಮೆಮೊರಿ ಕಾರ್ಡಿನಲ್ಲಿ ಒಂದು ಮದುವೆಯ ಫೋಟೊಗಳೂ ಇದ್ದವು. ಆಲ್ಬಮ್ ಅಚ್ಚಾಗಿ ಬಂದಾಗ ಧಾರೆಗೂ ಊಟಕ್ಕೂ ನಡುವೆ ಎರಡು ಪುಟ ಗೂಡ್ಸ್ ಡಬ್ಬಿ! ಹೆಣ್ಣಿನ ತಂದೆ ಪುಟ ತಿರುವುತ್ತ ಅಲ್ಲಿಗೇ ಬಂದರು. ಡಬ್ಬಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ಎಣಿಸಿದರು.

“ಈ ಹಾಳೆ ತೆಗೀಬ್ಯಾಡ್ರಿ. ಬೀಗರ ಕಡಿಂದ ಎಷ್ಟು ಮಂದಿ ಬಂದಿದ್ರು ಅಂತ ಸರಿಯಾಗಿ ತೋರ್ಸೀರಿ.”

ಅಲ್ಲಾಡಬೇಡಿ

ಹೋದ ತಿಂಗಳು ನನ್ನ ಅದೃಷ್ಟ ಖುಲಾಯಿಸಿತು. ರೈಲ್ವೆ ಗೇಟು ಹಾಕಿತ್ತು. ಸಿಗ್ನಲ್ ಸಿಗದೆ ಡೀಸೆಲ್ ಗೂಡ್ಸ್ ತಿರುವಿನಲ್ಲಿ ಬಂದು ನಿಂತಿತು. ಮೈತುಂಬ ಬಿಸಿಲು, ಒಂದು ಕಂಬವೂ ಅಡ್ಡವಿಲ್ಲ. ಕ್ಯಾಮೆರಾ ಸ್ಟ್ಯಾಂಡಿಗೆ ಏರಿಸಿದೆ.

ಗೇಟಿಗೆ ನಿಂತಿದ್ದ ಬಸ್ಸಿನಿಂದ ಯಾರೋ ಕೂಗಿದರು: “ನಮ್ಮ ಸ್ಟುಡಿಯೊದವ್ರು ಕಣ್ರೀ!”

ಜೋಗಕ್ಕೆ ಹೊರಟಿದ್ದ ನಮ್ಮೂರ ನಲವತ್ತು ಜನ ಇಳಿದು, ನನಗೂ ಗಾಡಿಗೂ ನಡುವೆ ಫೋಟೊಕ್ಕೆ ಸಾಲಾಗಿ ನಿಂತರು.

“ಪಕ್ಕಕ್ಕೆ ಸರೀರಿ, ನನಗೆ ಗಾಡಿ ಬೇಕು!”

“ಗಾಡೀನೂ ಬರ್ಲಿ ತಗೋಪಾ, ನಮಗೇನು?” ಎಂದರು ಒಬ್ಬ ಅಜ್ಜಿ, ಸೆರಗು ಸರಿಮಾಡಿಕೊಳ್ಳುತ್ತ.

ಜಗಳಕ್ಕೆ ಹೊತ್ತಿರಲಿಲ್ಲ. ಎಲ್ಲರನ್ನೂ ಕೂರಿಸಿದೆ. ಅವರ ತಲೆ ಮೇಲೆ ಗಾಡಿ ಪೂರ್ತಿ ಕಂಡಿತು! ಎಂಜಿನ್ ಡ್ರೈವರ್ ಕೂಡ ಕ್ರಾಪು ಬಾಚಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದ. ಆಗಲೇ ಕ್ಲಿಕ್ಕಿಸಬೇಕಿತ್ತು. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತದೆಯೆ? ಹೋಗಿ ಒಬ್ಬರ ಗದ್ದ ಎತ್ತಿದೆ, ಇನ್ನೊಬ್ಬರ ಕಾಲರ್ ಸರಿಮಾಡಿದೆ, ಓಡಿಬಂದು ಕ್ಯಾಮೆರಾಕ್ಕೆ ಕಣ್ಣಿಟ್ಟೆ.

ಹಾರ್ನ್ ಕೇಳಿತು. ಫ್ರೇಮಿನ ಅಂಚಿನಲ್ಲಿದ್ದ ಎಂಜಿನ್ ಮೆಲ್ಲಗೆ ಆಚೆ ಸರಿಯತೊಡಗಿತು.

“ಅಯ್ಯೋ, ಅಲ್ಲಾಡಬೇಡ್ರೀ!” ಎಂದು ಜೀವ ಹೋಗುವಂತೆ ಕಿರುಚಿದೆ.

ನಲವತ್ತು ಜನ ಉಸಿರು ಬಿಗಿಹಿಡಿದು ಕಲ್ಲಿನಂತೆ ಕೂತರು. ಗೂಡ್ಸ್ ಗಾಡಿಯೊಂದೇ ಮಾತು ಕೇಳಲಿಲ್ಲ.